ದೊಡ್ಡಮ್ಮ ಕೂತಿದ್ದ ವಿಮಾನ

ಉತ್ತರದ ಗುಡ್ಡಗಾಡಿನ ಒಂದು ಸಣ್ಣ ವಿಮಾನ ನಿಲ್ದಾಣದಲ್ಲಿ ನಾನು ಹನ್ನೊಂದು ಚಳಿಗಾಲ ಮೆಕ್ಯಾನಿಕ್ ಆಗಿದ್ದೆ. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಬೆಳಿಗ್ಗೆ ನನ್ನ ಸ್ವಂತದವರು ಕೂತಿದ್ದ ವಿಮಾನಕ್ಕೆ, ಹಾರಬಹುದು ಅಂತ ಸಹಿ ಹಾಕುವ ಪಾಳಿ ನನಗೆ ಬಂತು. ಕೂತಿದ್ದವಳು ನನ್ನ ದೊಡ್ಡಮ್ಮ, ಅಮ್ಮನ ಅಕ್ಕ. ನಾನು ಸಹಿ ಹಾಕಲಿಲ್ಲ. ಅದಕ್ಕೆ ಅವಳು ನಾಲ್ಕು ತಿಂಗಳು ನನ್ನ ಜೊತೆ ಕನ್ನಡದಲ್ಲಿ ಮಾತಾಡಲಿಲ್ಲ.

ದೊಡ್ಡಮ್ಮನ ಊರು ಹಿಂದೂಪುರಕ್ಕೆ ಹತ್ತಿರ, ಪರಿಗಿ ಕಡೆಗೆ ಹೋಗುವ ರಸ್ತೆಯಲ್ಲಿ. ಮೂರು ಎಕರೆ ಹಿಪ್ಪುನೇರಳೆ, ಹಿತ್ತಿಲಲ್ಲಿ ರೇಷ್ಮೆ ಹುಳು ಸಾಕುವ ಉದ್ದನೆಯ ಮನೆ. ಗೂಡು ಬಿಡಿಸಿದ ದಿನ ಅವಳೇ ಆಟೋದಲ್ಲಿ ಚೀಲಗಳ ಮಧ್ಯೆ ಕೂತು ಹಿಂದೂಪುರದ ಗೂಡಿನ ಮಾರ್ಕೆಟ್ಟಿಗೆ ಹೋಗುತ್ತಿದ್ದಳು. ನಮ್ಮೂರು ಸೆಟ್ಟೂರಿನ ಆಚೆ. ಅಲ್ಲಿ ಹೈಸ್ಕೂಲಿಗೆ ದೂರ ನಡೆಯಬೇಕಾಗಿತ್ತು ಅಂತ ಅಮ್ಮ ನನ್ನನ್ನು ಐದು ವರ್ಷ ದೊಡ್ಡಮ್ಮನ ಹತ್ತಿರ ಬಿಟ್ಟಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ಹಾಗಂತ ನನ್ನನ್ನು ಮುದ್ದು ಮಾಡಿದವಳೂ ಅಲ್ಲ. ಹುಳಕ್ಕೆ ಸೊಪ್ಪು ಹಾಕುವುದು, ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆ ಕಟ್ಟುವುದು, ತೆಲುಗು ಪೇಪರನ್ನು ಗಟ್ಟಿಯಾಗಿ ಓದಿ ಹೇಳುವುದು, ಇಷ್ಟೂ ನನ್ನ ಪಾಲಿಗೆ ಇತ್ತು. ಪೇಪರ್ ಓದುವಾಗ ನಾನು ಸಾಲು ಹಾರಿಸಿದರೆ ಓದು ಬಾರದ ಅವಳಿಗೆ ಅದು ಹೇಗೋ ಗೊತ್ತಾಗಿಬಿಡುತ್ತಿತ್ತು.

ಅಮ್ಮ, ದೊಡ್ಡಮ್ಮ ಇಬ್ಬರಿಗೂ ಒಬ್ಬ ತಮ್ಮ, ನನ್ನ ಸೋದರಮಾವ. ಅವನು ಎರಡು ವರ್ಷದವನಿದ್ದಾಗ ಅಜ್ಜಿ ತೀರಿಕೊಂಡಳಂತೆ. ದೊಡ್ಡಮ್ಮನೇ ಸೊಂಟದ ಮೇಲೆ ಹೊತ್ತು ಬೆಳೆಸಿದಳು. ಮಾವ ದೊಡ್ಡವನಾಗಿ ಕಲ್ಯಾಣದುರ್ಗದಲ್ಲಿ ಬೋರ್‌ವೆಲ್ ಮೋಟಾರು ರಿವೈಂಡಿಂಗ್ ಅಂಗಡಿ ಹಾಕಿದ. ರಜೆಯಲ್ಲಿ ಆ ಅಂಗಡಿಯಲ್ಲಿ ಕೂತು ತಾಮ್ರದ ತಂತಿ ಸುತ್ತುತ್ತಲೇ ನನಗೆ ಯಂತ್ರದ ರುಚಿ ಹತ್ತಿದ್ದು. ಮಾವನಿಗೆ ಒಬ್ಬಳೇ ಮಗಳು.

ನನಗೆ ಉತ್ತರದಲ್ಲಿ ಕೆಲಸ ಸಿಕ್ಕಿ ಏಳು ವರ್ಷವಾದ ಮೇಲೆ ದೊಡ್ಡಮ್ಮ ಮೊದಲ ಸಲ ಅಲ್ಲಿಗೆ ಬಂದಳು. ಅಲ್ಲಿನ ಗುಡ್ಡದ ಮೇಲಿನ ದೇವಿಗೆ ಅವಳದೊಂದು ಹರಕೆ ಇತ್ತು. ಬರುವಾಗ ಊರಿನ ಹೆಂಗಸರ ಗುಂಪಿನ ಜೊತೆ ರೈಲಿನಲ್ಲಿ ಬಂದಳು. ಗುಂಪು ವಾಪಸು ಹೊರಟಾಗ ನಾನೇ ತಡೆದೆ. ಒಂದು ವಾರ ನನ್ನ ಹತ್ತಿರ ಇದ್ದು ಹೋಗು, ವಿಮಾನದಲ್ಲಿ ಕಳಿಸಿಕೊಡುತ್ತೇನೆ, ಮದುವೆಗೆ ಎರಡು ದಿನ ಮುಂಚೆಯೇ ಕಲ್ಯಾಣದುರ್ಗದಲ್ಲಿರುತ್ತೀಯ ಅಂತ ಮಾತು ಕೊಟ್ಟೆ. ಮದುವೆ ಮಾವನ ಮಗಳದು. ನಮ್ಮಲ್ಲಿ ಹೆಣ್ಣಿಗೆ ಬಾಸಿಂಗ ಕಟ್ಟುವವಳು ಸೋದರತ್ತೆ. ಹಿರಿಯ ಸೋದರತ್ತೆ ದೊಡ್ಡಮ್ಮ. ಆ ಹುಡುಗಿ ಹುಟ್ಟಿದ ದಿನದಿಂದ ಅವಳು ಆ ಗಳಿಗೆಗೆ ಕಾದಿದ್ದಳು ಅಂದರೆ ತಪ್ಪಾಗಲಾರದು.

ಆ ಒಂದು ವಾರ ಚೆನ್ನಾಗಿ ಕಳೆಯಿತು. ನನ್ನ ಒಂಟಿ ರೂಮಿನಲ್ಲಿ ಹೀಟರಿನ ಮುಂದೆ ಕೂತು ರಾಗಿ ಮುದ್ದೆ ಮಾಡಿಕೊಟ್ಟಳು. ಹಿಟ್ಟು ಊರಿಂದಲೇ ಹೊತ್ತು ತಂದಿದ್ದಳು. ಹೊರಡುವ ದಿನ ಬಂದಾಗ ದಟ್ಟ ಮಂಜಿನ ಕಾವಳ ಮುಸುಕಿತು. ಎರಡು ದಿನ ಒಂದು ವಿಮಾನವೂ ಏಳಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಆಕಾಶ ತೊಳೆದಿಟ್ಟಂತೆ ಇತ್ತು. ಮದುವೆಗೆ ಉಳಿದದ್ದು ಒಂದೇ ದಿನ, ಮುಹೂರ್ತ ಮಾರನೆಯ ಬೆಳಿಗ್ಗೆ. ಬೆಳಗಿನ ಮೊದಲ ವಿಮಾನದಲ್ಲಿ ದಿಲ್ಲಿಗೆ, ಅಲ್ಲಿಂದ ಮಧ್ಯಾಹ್ನ ಬೆಂಗಳೂರಿಗೆ, ದೇವನಹಳ್ಳಿಯಲ್ಲಿ ಇಳಿದರೆ ಅಲ್ಲಿಂದ ಕಾರಿನಲ್ಲಿ ರಾತ್ರಿಗೆ ಕಲ್ಯಾಣದುರ್ಗ. ತುಂಬಿದ್ದ ಆ ವಿಮಾನದಲ್ಲಿ ಅವಳಿಗೆ ಸೀಟು ಕೊಡಿಸಲು ನಾನು ನಮ್ಮ ಪಾಳಿಯ ಮುಖ್ಯಸ್ಥನ ಹಿಂದೆ ಬಿದ್ದು, ಮದುವೆ, ಬಾಸಿಂಗ, ಸೋದರತ್ತೆ ಎಲ್ಲವನ್ನೂ ಹಿಂದಿಯಲ್ಲಿ ವಿವರಿಸಿದ್ದೆ.

ಕಾವಳ ಹರಿದು ಆಕಾಶ ತಿಳಿಯಾದ ರಾತ್ರಿಗಳೇ ನಮಗೆ ಕೆಟ್ಟವು. ನೆಲದ ಕಾವೆಲ್ಲ ಮೇಲಕ್ಕೆ ಹೋಗಿಬಿಡುತ್ತದೆ. ಬಯಲಲ್ಲಿ ನಿಂತ ವಿಮಾನದ ಲೋಹ ಗಾಳಿಗಿಂತ ತಣ್ಣಗಾಗುತ್ತದೆ. ನಮ್ಮ ಸೀಮೆಯಲ್ಲಿ ಇಬ್ಬನಿಯಾಗಿ ಕೂರುವ ತೇವ ಅಲ್ಲಿ ರೆಕ್ಕೆಯ ಮೇಲೆ ಬಿಳಿ ಪುಡಿಯಾಗಿ ಹೆಪ್ಪುಗಟ್ಟುತ್ತದೆ. ಫ್ರಾಸ್ಟ್ ಎನ್ನುತ್ತಿದ್ದೆವು. ಅದನ್ನು ಕರಗಿಸಲು ಬಿಸಿ ದ್ರಾವಣ ಎರಚುವ ಗಾಡಿಯೊಂದು ನಮ್ಮಲ್ಲಿತ್ತು. ಅದರ ಬರ್ನರ್ ಹಿಂದಿನ ದಿನವೇ ಕೆಟ್ಟಿತ್ತು.

ನಾನು ಏಣಿ ಹತ್ತುವ ಹೊತ್ತಿಗೆ ಚಳಿಗೆ ಹೊರಗೆ ನಿಲ್ಲಿಸಬಾರದೆಂದು ಪ್ರಯಾಣಿಕರನ್ನೆಲ್ಲ ಒಳಗೆ ಕೂರಿಸಿಬಿಟ್ಟಿದ್ದರು. ದೊಡ್ಡಮ್ಮನ ಸೀಟು ರೆಕ್ಕೆಯ ಹಿಂದಿನ ಕಿಟಕಿಗೆ. ನನ್ನನ್ನು ಕಂಡು ಅವಳು ಕೈ ಆಡಿಸಿದಳು. ನಾನೂ ಆಡಿಸಿದೆ. ಆಮೇಲೆ ಗ್ಲೌಸ್ ತೆಗೆದು ಬರಿಗೈಯನ್ನು ರೆಕ್ಕೆಯ ಮೇಲೆ ಇಟ್ಟೆ. ಕಣ್ಣಿಗೆ ಕಾಣದ್ದು ಕೈಗೆ ಸಿಗುತ್ತದೆ, ಅದಕ್ಕೇ ಬರಿಗೈ. ಹೊಸದಾಗಿ ಉಳಿಯಿಂದ ಮುಳ್ಳು ಹೊಯ್ಯಿಸಿದ ಒರಳುಕಲ್ಲಿನ ಹಾಗೆ ತರಿತರಿಯಾಗಿತ್ತು. ಪೊರಕೆಯಿಂದ ಗುಡಿಸಿ ನೋಡಿದೆ. ಮೇಲಿನ ಪುಡಿ ಹೋಯಿತು, ಅಡಿಯ ತರಿ ಹಾಗೇ ಕಚ್ಚಿಕೊಂಡಿತ್ತು.

ಇಳಿದು ಬಂದು, ಇದು ಹೋಗುವವರೆಗೆ ಸಹಿ ಹಾಕುವುದಿಲ್ಲ ಅಂದೆ. ಮುಖ್ಯಸ್ಥ ಕೆಟ್ಟವನಲ್ಲ. ಎರಡು ದಿನದ ಪ್ರಯಾಣಿಕರ ಕೂಗಾಟ ಅವನ ತಲೆಯ ಮೇಲಿತ್ತು. ಪದರ ಎಷ್ಟು ತೆಳ್ಳಗಿದೆಯೆಂದರೆ ಕೆಳಗಿನ ಬಣ್ಣ, ಬರೆದ ಅಕ್ಷರ ಕೂಡ ಕಾಣುತ್ತಿವೆ, ಓಡುವಾಗ ಗಾಳಿಗೆ ಹಾರಿಹೋಗುತ್ತದೆ ಅಂತ ವಾದಿಸಿದ. ಹಾರುವುದಿಲ್ಲ, ಅಂಟಿಕೊಂಡಿದೆ ಅಂದೆ. ಕೊನೆಗೆ ಅವನು ದನಿ ತಗ್ಗಿಸಿ, ನಿನ್ನ ದೊಡ್ಡಮ್ಮನೇ ಒಳಗಿದ್ದಾಳೆ, ಅವಳು ಮದುವೆಗೆ ಮುಟ್ಟಬೇಕು ಅಂತ ನಿನ್ನೆ ನೀನೇ ಕೈ ಮುಗಿದೆಯಲ್ಲ ಅಂದ. ನಾನು ಸಹಿಯ ಪುಸ್ತಕ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡೆ.

ನಮ್ಮ ಮಾತು ಉದ್ದವಾಯಿತೆಂದು ಕ್ಯಾಪ್ಟನ್ ಕೆಳಗಿಳಿದು ಬಂದ. ಆ ಊರಿಗೆ ಹೊಸಬ, ವಯಸ್ಸಿನಲ್ಲಿ ನನಗಿಂತ ಚಿಕ್ಕವನು. ಏನೂ ಕೇಳದೆ ತಾನೇ ಏಣಿ ಹತ್ತಿದ, ಗ್ಲೌಸ್ ತೆಗೆದು ಬೆರಳು ಎಳೆದ. ಇಳಿದು ಬಂದು ಮುಖ್ಯಸ್ಥನ ಕಡೆ ನೋಡಿ, ಕಾಯೋಣ ಅಂದ. ಹಾಗೆ ತೀರ್ಮಾನವಾಯಿತು.

ಒಳಗೆ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಹೇಳಿದ್ದು ದೊಡ್ಡಮ್ಮನಿಗೆ ತಿಳಿಯಲಿಲ್ಲ. ಪಕ್ಕದಲ್ಲಿ ಕೂತಿದ್ದ ತೆಲುಗು ಹೆಂಗಸು, ಹೊರಗಿರುವ ಆ ಮೆಕ್ಯಾನಿಕ್ ವಿಮಾನ ಬಿಡುತ್ತಿಲ್ಲವಂತೆ ಅಂತ ಬೆರಳು ಮಾಡಿ ತೋರಿಸಿದಳಂತೆ. ಎಲ್ಲರನ್ನೂ ಇಳಿಸಿ ಮತ್ತೆ ಹಾಲಿಗೆ ತಂದಾಗ ನಾನು ಅವಳ ಹತ್ತಿರ ಹೋದೆ. ಶಾಲು ಹೊದ್ದು, ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದಳು.

"ನೀನೇ ಏನ್ಲಾ ನಿಲ್ಲಿಸಿರಾದು?" ಅಂತ ಕೇಳಿದಳು.

"ಹೂಂ ದೊಡ್ಡಮ್ಮ. ರೆಕ್ಕೆ ಮ್ಯಾಲೆ ಮಂಜು ಹೆಪ್ಪುಗಟ್ಟೈತೆ."

"ಎಷ್ಟು ದಪ್ಪ ಐತೆ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಪುಡಿ ಉಪ್ಪು ಉದುರಿಸ್ದಂಗೈತೆ," ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಚಿಟಿಕೆ ಉಪ್ಪಿಗೆ ನನ್ ತಮ್ಮನ ಮಗಳ ಬಾಸಿಂಗ ತಪ್ಪಿಸ್ಬುಟ್ಟೆ ಕಣಪ್ಪ," ಅಂದಳು. ಸಿಟ್ಟು ಬಂದಾಗಲೂ ನನ್ನನ್ನು ಲಾ ಅನ್ನುತ್ತಿದ್ದವಳು ಆವತ್ತು ಅಪ್ಪ ಅಂದಳು. ಆಮೇಲೆ ಕಿಟಕಿಯ ಕಡೆ ತಿರುಗಿಕೊಂಡಳು.

ಗುಡ್ಡದ ಹಿಂದಿನಿಂದ ಬಿಸಿಲು ರೆಕ್ಕೆಗೆ ಬರಲು ಎರಡು ಗಂಟೆ ಹಿಡಿಯಿತು. ಅಲ್ಲಿಯವರೆಗೆ ನಾವು ನಾಲ್ಕು ಜನ ಕೈಪಂಪಿನಲ್ಲಿ ಇದ್ದಷ್ಟು ದ್ರಾವಣ ಹೊಡೆದು, ಒರೆಸಿ, ಮತ್ತೆ ಹೊಡೆದೆವು. ಎರಡೂ ರೆಕ್ಕೆ, ಬಾಲ, ಎಲ್ಲ ಕಡೆ ಕೈ ಆಡಿಸಿ ನುಣುಪಾಗಿದೆ ಅಂತ ಖಾತ್ರಿಯಾದ ಮೇಲೆ ಸಹಿ ಹಾಕಿದೆ. ಮೂರು ಗಂಟೆ ತಡವಾಗಿ ಹೊರಟ ವಿಮಾನ ಹಗುರಾಗಿ ಎದ್ದು ಹೋಯಿತು. ದೊಡ್ಡಮ್ಮ ಕೈ ಆಡಿಸಿದಳೋ ಇಲ್ಲವೋ, ಆ ಕಿಟಕಿ ನನ್ನ ಕಡೆಗಿರಲಿಲ್ಲ.

ದಿಲ್ಲಿಯಲ್ಲಿ ಮಧ್ಯಾಹ್ನದ ವಿಮಾನ ತಪ್ಪಿತು. ಮಾರನೆಯ ಬೆಳಿಗ್ಗೆ ಸಿಕ್ಕ ಸೀಟಿನಲ್ಲಿ ಬಂದು, ಹಿಂದೂಪುರದ ಮೇಲೆ ಕಾರಿನಲ್ಲಿ ಕಲ್ಯಾಣದುರ್ಗದ ಕಲ್ಯಾಣ ಮಂಟಪ ಮುಟ್ಟುವ ಹೊತ್ತಿಗೆ ಮೂರನೆಯ ಪಂಕ್ತಿಯ ಊಟ ನಡೆಯುತ್ತಿತ್ತು. ಬಾಸಿಂಗವನ್ನು ಅಮ್ಮ ಕಟ್ಟಿದ್ದಳು. ದೊಡ್ಡಮ್ಮ ನೇರ ಹೋಗಿ ಹುಡುಗಿಯ ಹಣೆಯ ಮೇಲಿದ್ದ ಬಾಸಿಂಗದ ದಾರವನ್ನು ಸ್ವಲ್ಪ ಸರಿಮಾಡಿ, ಅಕ್ಷತೆ ಹಾಕಿ, ಒಂದು ಮೂಲೆಯಲ್ಲಿ ಕೂತಳಂತೆ. ಯಾರ ಮೇಲೂ ರೇಗಲಿಲ್ಲವಂತೆ. ಅಮ್ಮ ಇದನ್ನು ಫೋನಿನಲ್ಲಿ ಹೇಳಿದಾಗ, ರೇಗಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಕೆಲಸದಲ್ಲಿ ನನಗೊಂದು ಮೆಮೊ ಬಂತು. ತಡ ಯಾಕಾಯಿತೆಂದು ಬರೆದುಕೊಡು ಅಂತ. ಮೂರು ಸಾಲು ಬರೆದುಕೊಟ್ಟೆ. ಕ್ಯಾಪ್ಟನ್ನೂ ಅದನ್ನೇ ಬರೆದುಕೊಟ್ಟನೆಂದು ಆಮೇಲೆ ಗೊತ್ತಾಯಿತು. ಆ ವಿಷಯ ಅಲ್ಲಿಗೇ ನಿಂತಿತು. ಬರ್ನರ್ ಮಾತ್ರ ಒಂದು ವಾರದೊಳಗೆ ರಿಪೇರಿಯಾಯಿತು.

ದೊಡ್ಡಮ್ಮನ ಸಿಟ್ಟು ನಿಲ್ಲಲಿಲ್ಲ. ನಮ್ಮ ಕಡೆ ಎಲ್ಲರಿಗೂ ಎರಡು ಭಾಷೆ. ಮನೆಯಲ್ಲಿ ಕನ್ನಡ, ಹೊರಗೆ ಆಫೀಸಿನವರ ಜೊತೆ ತೆಲುಗು. ನಾನು ಫೋನ್ ಮಾಡಿದರೆ ಅವಳು ಎತ್ತುತ್ತಿದ್ದಳು, ಆದರೆ ತೆಲುಗಿನಲ್ಲಿ ಮಾತಾಡುತ್ತಿದ್ದಳು. ಅದೂ ಬ್ಯಾಂಕಿನವರ ಜೊತೆ ಆಡುವ ಮರ್ಯಾದೆಯ ತೆಲುಗು. "ಬಾಗುನ್ನಾರಾ?" ಅನ್ನುತ್ತಿದ್ದಳು, ಚೆನ್ನಾಗಿದ್ದೀರಾ ಅಂತ. ನಾನು ಕನ್ನಡದಲ್ಲಿ ಚೆನ್ನಾಗಿದೀನಿ ದೊಡ್ಡಮ್ಮ ಅಂದರೆ, "ಸಂತೋಷಮಂಡಿ," ಅಂತ ಫೋನ್ ಇಡುತ್ತಿದ್ದಳು. ಅಮ್ಮ ಇದನ್ನು ಕೇಳಿ ನಕ್ಕಳು. ನನಗೆ ನಗು ಬರಲಿಲ್ಲ.

ಯುಗಾದಿಗೆ ರಜೆ ಹಾಕಿ ಊರಿಗೆ ಬಂದೆ. ಹೊಸ ಮದುಮಕ್ಕಳ ಮೊದಲ ಹಬ್ಬವೆಂದು ಎಲ್ಲರೂ ಕಲ್ಯಾಣದುರ್ಗದಲ್ಲಿ ಮಾವನ ಮನೆಯಲ್ಲಿ ಸೇರಿದ್ದರು. ಮಾವನಿಗೆ ಸಿಟ್ಟೇನೂ ಇರಲಿಲ್ಲ. ಮದುವೆ ಹುಡುಗಿಯೂ ನನ್ನನ್ನು ಚೆನ್ನಾಗಿಯೇ ಮಾತಾಡಿಸಿದಳು. ದೊಡ್ಡಮ್ಮ ಒಬ್ಬಟ್ಟು ಬಡಿಸುತ್ತಾ ನನ್ನ ಎಲೆಯ ಮುಂದೆ ಬಂದು, "ಇಂಗೊಕಟಿ ಏಯಮಂಟಾರಾ?" ಅಂತ ಕೇಳಿದಳು. ಇನ್ನೊಂದು ಹಾಕಲೇ ಅಂತ. ಮಾವನ ಅಳಿಯನಿಗೂ ಅವಳು ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ನಾನು ತಲೆ ಎತ್ತದೆ ಹಾಕಿಸಿಕೊಂಡು ತಿಂದೆ.

ಮಾರನೆಯ ದಿನ ಅವಳು ಹುಳಕ್ಕೆ ಸೊಪ್ಪು ಹಾಕಬೇಕೆಂದು ಹೊರಟಳು. ಹಿಂದೂಪುರದವರೆಗೆ ನಾನೂ ಬರುತ್ತೇನೆ ಅಂತ ಜೊತೆಗೆ ಬಸ್ಸು ಹತ್ತಿದೆ. ಪಾವಗಡದಲ್ಲಿ ಬಸ್ಸು ಬದಲಿಸಿದೆವು. ಹೊಸ ಬಸ್ಸಿನಲ್ಲಿ ಅವಳಿಗೆ ಕಿಟಕಿ ಸಿಕ್ಕಿತು. ಬಸ್ಸು ಊರು ಬಿಟ್ಟು ಜೋರು ಹಿಡಿದಾಗ ನಾನು, ಕೈ ಹೊರಗೆ ಹಾಕು ದೊಡ್ಡಮ್ಮ, ಅಂಗೈ ನೆಲಕ್ಕೆ ಮಾಡಿ ಬೆರಳ ಕಡೆ ಒಂಚೂರು ಎತ್ತು ಅಂದೆ. ಅವಳು ಅನುಮಾನದಿಂದಲೇ ಹಾಕಿದಳು. ಗಾಳಿ ಕೈಯನ್ನು ಮೇಲಕ್ಕೆ ಎತ್ತಿತು. ಇಳಿಸಿದಳು, ಮತ್ತೆ ಎತ್ತಿತು. ಮೂರನೆಯ ಸಲಕ್ಕೆ ಕಂಡಕ್ಟರ್ ತೆಲುಗಿನಲ್ಲಿ, ಮುದುಕಮ್ಮ ಕೈ ಒಳಗಿಡು, ಎದುರಿಗೆ ಲಾರಿ ಬರುತ್ತೆ ಅಂತ ಬೈದ. ಅವಳು ಕೈ ಒಳಗೆ ಎಳೆದುಕೊಂಡು, ಬಹಳ ದಿನಗಳ ಮೇಲೆ, ನಕ್ಕಳು.

ನಾನು ಹೇಳುತ್ತಾ ಹೋದೆ. ವಿಮಾನದ ರೆಕ್ಕೆಯದೂ ಅದೇ ಕೆಲಸ. ಮಂಜಿನ ಭಾರ ಲೆಕ್ಕಕ್ಕಿಲ್ಲ, ಅದರ ತರಿಯೇ ತೊಂದರೆ. ರೆಕ್ಕೆಯ ಮೇಲ್ಮೈ ನುಣ್ಣಗಿದ್ದರೆ ಗಾಳಿ ಅದನ್ನು ತಬ್ಬಿಕೊಂಡು ಹಿಂದಕ್ಕೆ ಜಾರುತ್ತದೆ, ರೆಕ್ಕೆಗೆ ಎತ್ತುವ ಬಲ ಬರುತ್ತದೆ. ತರಿಯಿದ್ದರೆ ಗಾಳಿ ನಡುವಿನಲ್ಲೇ ಬಿಟ್ಟುಹೋಗುತ್ತದೆ. ನೆಲ ಬಿಡುವಾಗ ವಿಮಾನದ ಓಟ ಕಡಿಮೆ, ಮೂತಿ ಮೇಲೆ. ಆ ಗಳಿಗೆಯಲ್ಲಿ ಗಾಳಿ ಕೈಬಿಟ್ಟರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಅವಳು ಎಲ್ಲ ಕೇಳಿಸಿಕೊಂಡು, ಕನ್ನಡದಲ್ಲೇ, "ನೀನು ಕಣ್ಣಾರೆ ನೋಡಿದೀಯೇನ್ಲಾ, ಇಲ್ಲ ಪುಸ್ತಕದಾಗೆ ಓದಿದ್ದಾ?" ಅಂತ ಕೇಳಿದಳು.

ಯಾರಿಗೂ ಹೇಳದಿದ್ದುದನ್ನು ಆಗ ಹೇಳಿದೆ. ಅವಳು ಅಲ್ಲಿಗೆ ಬಂದದ್ದಕ್ಕೆ ಹಿಂದಿನ ಚಳಿಗಾಲದಲ್ಲಿ ಇಂಥದೇ ಒಂದು ಬೆಳಿಗ್ಗೆ ಇಷ್ಟೇ ಪುಡಿ ಇತ್ತು. ಬೇರೆ ಕ್ಯಾಪ್ಟನ್, ಅನುಭವಸ್ಥ. ಏನಾಗಲ್ಲ ಬಿಡು ಅಂದ. ಎಲ್ಲರಿಗೂ ಅವಸರ, ನನಗೂ ಚಳಿ. ಸಹಿ ಹಾಕಿದೆ. ವಿಮಾನ ನೆಲದ ಮೇಲೆ ಎಂದಿಗಿಂತ ಹೆಚ್ಚು ದೂರ ಓಡಿತು. ನೆಲ ಬಿಟ್ಟ ಕೂಡಲೇ ಎಡ ರೆಕ್ಕೆ ಕುಸಿಯಿತು. ಒಂದು ಉಸಿರಿನಷ್ಟು ಹೊತ್ತು ಅದು ನೆಲಕ್ಕೆ ತಾಗೇ ಬಿಡುತ್ತದೆ ಅಂದುಕೊಂಡೆ. ಆಮೇಲೆ ಸರಿಯಾಗಿ ಮೇಲೆ ಹೋಯಿತು. ಒಳಗಿದ್ದವರಿಗೆ ಸ್ವಲ್ಪ ಅಲುಗಾಡಿದಂತೆ ಅನ್ನಿಸಿರಬೇಕು, ಅಷ್ಟೇ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆದರೆ ಆ ವಿಮಾನ ದಿಲ್ಲಿಯಲ್ಲಿ ಇಳಿದ ಸುದ್ದಿ ಬರುವವರೆಗೆ ನಾನು ಶೆಡ್ಡಿನ ಹಿಂದೆ ಕೂತಿದ್ದೆ. ಕೈಯಲ್ಲಿದ್ದ ಟೀ ಲೋಟದ ಮೇಲೆ ಕೆನೆ ಕಟ್ಟಿತ್ತು.

ಕಿಟಕಿಯಾಚೆ ಕಡಲೆಕಾಯಿ ಹೊಲಗಳು ಬರಿದಾಗಿ ಬಿದ್ದಿದ್ದವು. ರೊದ್ದಂ ದಾಟಿತು. ಅವಳು ನಿದ್ದೆ ಹೋದಳೇನೋ ಅಂದುಕೊಂಡೆ.

"ಅವತ್ತು ಅದ್ರಾಗೆ ಯಾರ ದೊಡ್ಡಮ್ಮ ಕುಂತಿದ್ಲೋ," ಅಂದಳು.

ಅವಳು ನನ್ನ ಕಡೆ ತಿರುಗದೆ ಮಾತು ಮುಂದುವರಿಸಿದಳು. ಹೈಸ್ಕೂಲಿನಲ್ಲಿದ್ದಾಗ ಒಂದು ಬೆಳಿಗ್ಗೆ ನಾನು ಪರೀಕ್ಷೆಗೆ ಹೊತ್ತಾಯಿತೆಂದು ಇಬ್ಬನಿ ಆರದ ಸೊಪ್ಪನ್ನೇ ಹುಳಕ್ಕೆ ಹಾಕಿ ಓಡಿದ್ದೆನಂತೆ. ನಾಲ್ಕೇ ದಿನಕ್ಕೆ ಹುಳಕ್ಕೆ ರೋಗ ಬಂದು ತಟ್ಟೆ ತಟ್ಟೆಯೇ ಕಪ್ಪಾಗಿ ಹೋಯಿತು. ನನಗೆ ಅದು ಮರೆತೇ ಹೋಗಿತ್ತು. ಅವಳು ಆಗ ಬೈದಿರಲಿಲ್ಲ, ಸತ್ತ ಹುಳವನ್ನು ನನ್ನ ಕೈಯಲ್ಲೇ ಗುಂಡಿಗೆ ಹಾಕಿಸಿದ್ದಳು. "ಸೊಪ್ಪಿನ ನೀರಿಗೇ ಅಷ್ಟಾಯ್ತಲ್ಲ," ಅಂದಳು. ಆಮೇಲೆ, "ಬಾಸಿಂಗ ತಪ್ಪಿದ್ದು ತಪ್ತು ಕಣ್ಲಾ. ಅದು ನಂಗೆ ಸಾಯೋಗಂಟ ಇರ್ತೈತೆ. ಆದ್ರೂ ನೀನು ಮಾಡಿದ್ದು ಸರಿ," ಅಂದಳು.

ಎರಡೂ ಮಾತನ್ನು ಅವಳು ಒಂದೇ ದನಿಯಲ್ಲಿ ಹೇಳಿದಳು. ಮರೆತುಬಿಡು ಅಂತ ನಾನು ಕೇಳಲಿಲ್ಲ, ಅವಳೂ ಮರೆತೆ ಅನ್ನಲಿಲ್ಲ. ಪರಿಗಿ ಬಂದಾಗ ಅವಳ ಚೀಲ ನಾನು ಹಿಡಿದುಕೊಂಡೆ. ಹಿಂದೂಪುರಕ್ಕೆ ಹೋಗಬೇಕಾದವನು ಅವಳ ಊರಿನಲ್ಲೇ ಇಳಿದು, ಸಂಜೆಯವರೆಗೆ ಸೊಪ್ಪು ಕೊಯ್ದು ಹಾಕಿದೆ.

ಆಮೇಲೆ ಇನ್ನೂ ನಾಲ್ಕು ಚಳಿಗಾಲ ನಾನು ಅಲ್ಲಿದ್ದೆ. ಕಾರ್ತಿಕ ಕಳೆಯುತ್ತಿದ್ದ ಹಾಗೆ ದೊಡ್ಡಮ್ಮನ ಫೋನು ಶುರುವಾಗುತ್ತಿತ್ತು. ಬೆಳಿಗ್ಗೆ ನಾನು ಪಾಳಿಗೆ ಹೊರಡುವ ಹೊತ್ತಿಗೆ ಸರಿಯಾಗಿ. ಊಟ, ಆರೋಗ್ಯ ಆದ ಮೇಲೆ ಅಲ್ಲಿ ಬಿಳುಪು ಕೂತಿದೆಯಾ ಅಂತ ವಿಚಾರಿಸುತ್ತಿದ್ದಳು. ಕೂತಿದೆ ಅಂದರೆ, ಅವಸರ ಮಾಡಬೇಡ ಅನ್ನುತ್ತಿದ್ದಳು. ಆ ನಾಲ್ಕು ವರ್ಷ ನಾನು ಎಷ್ಟೋ ವಿಮಾನಗಳನ್ನು ತಡ ಮಾಡಿಸಿದೆ. ಎಲ್ಲವೂ ನೆಟ್ಟಗೆ ಎದ್ದು ಹೋದವು.

ಈಗ ನಾನು ಹಿಂದೂಪುರದಲ್ಲಿ ಐಟಿಐ ಒಂದರಲ್ಲಿ ಫಿಟ್ಟರ್ ತರಗತಿಗೆ ಪಾಠ ಮಾಡುತ್ತೇನೆ. ಹನ್ನೊಂದು ಚಳಿಗಾಲದಲ್ಲಿ ಬರಿಗೈ ಇಟ್ಟು ಇಟ್ಟು ಬಲಗೈಯ ಎರಡು ಬೆರಳ ತುದಿಗೆ ಸ್ಪರ್ಶ ಹೋಗಿದೆ. ಡಾಕ್ಟರು ಇನ್ನು ಬರುವುದಿಲ್ಲ ಅಂದರು. ಬರೆಯಲು, ತಿನ್ನಲು ತೊಂದರೆಯಿಲ್ಲ.

ದೊಡ್ಡಮ್ಮ ಹೋಗಿ ಎರಡು ವರ್ಷವಾಯಿತು. ಕೊನೆಯ ದಿನಗಳಲ್ಲಿ ಹಿಂದೂಪುರದ ನನ್ನ ಮನೆಯಲ್ಲೇ ಇದ್ದಳು. ಒಂದು ಮಧ್ಯಾಹ್ನ ಜ್ವರ ಇದೆಯೇ ಅಂತ ಅವಳ ಹಣೆಯ ಮೇಲೆ ಬಲಗೈ ಬೆರಳು ಇಟ್ಟೆ, ಗೊತ್ತಾಗದೆ ಎಡಗೈ ಇಟ್ಟೆ. ಅವಳು ಕಣ್ಣು ಮುಚ್ಚಿಕೊಂಡೇ ಇದನ್ನು ಗಮನಿಸಿದ್ದಳು. ನನ್ನ ಬಲಗೈ ಎಳೆದುಕೊಂಡು ಆ ಎರಡು ಬೆರಳನ್ನು ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡಳು. ಜ್ವರವಿದ್ದ ಕೈ, ಬಿಸಿಯಾಗಿರಬೇಕು. ಸಂಜೆ ಮಾವ ಕಲ್ಯಾಣದುರ್ಗದ ಬಸ್ಸಿಳಿದು ಮನೆಯೊಳಗೆ ಬರುವವರೆಗೂ ಬಿಟ್ಟಿರಲಿಲ್ಲ.